ಮೀಸಲು ಕಾಯಿ

ಮೂರನೆಯ ದಿನದ ಬೆಳಿಗ್ಗೆ, ಹೊಟ್ಟೆಯ ಮೇಲೆ ಕಟ್ಟಿಕೊಂಡಿದ್ದ ಬೀಜದ ಗಂಟನ್ನು ಬಿಚ್ಚಲು ನಿಂಗಕ್ಕ ಹಿತ್ತಲ ಬಾಗಿಲಲ್ಲಿ ಕೂತಾಗ, ತಿಪ್ಪೇರುದ್ರಮ್ಮನ ಮುಖ ಕಣ್ಣ ಮುಂದೆ ಬಂತು. ಬರಬಾರದಿತ್ತು. ಬೀಜ ಬಿಚ್ಚುವಾಗ ಮನಸ್ಸಿನಲ್ಲಿ ಕೆಟ್ಟದ್ದು ಇರಬಾರದೆಂದು ಅವ್ವ ಹೇಳುತ್ತಿದ್ದಳು. ಆದರೆ ಹೋದ ಶ್ರಾವಣದಿಂದ ಈಚೆಗೆ ನಿಂಗಕ್ಕ ಏನು ಬಿಚ್ಚಿದರೂ, ಬುತ್ತಿಯಾಗಲಿ ತುರುಬಾಗಲಿ, ಒಳಗಿನಿಂದ ಆ ಮುಖವೇ ಏಳುತ್ತಿತ್ತು: ಅಗಲವಾದ ಹಣೆ, ಹಣೆ ತುಂಬ ವಿಭೂತಿ, ಮಾತು ಹೊರಡುವ ಮೊದಲೇ ಒಂದು ಪಕ್ಕಕ್ಕೆ ಸೊಟ್ಟಗಾಗುವ ತುಟಿ. ಊರಿನ ದೊಡ್ಡ ಮನೆಯ, ಹತ್ತಿ ವ್ಯಾಪಾರದ ಚಿಕ್ಕಬಸಪ್ಪನವರ ಹೆಂಡತಿ ಅವಳು. ನಿಂಗಕ್ಕ ಆ ಮುಖವನ್ನು ಪಕ್ಕಕ್ಕೆ ಸರಿಸಿ ಗಂಟಿಗೆ ಕೈ ಹಾಕಿದಳು. ಗಂಟೆಂದರೆ ಹಳೆಯ ಸೀರೆಯ ಚೂರು ಅಷ್ಟೇ. ಅದನ್ನು ಅಕ್ಕಿ ತೊಳೆದ ನೀರಿನಲ್ಲಿ ಅದ್ದಿ ಹಿಂಡಿ, ಅಂಚನ್ನು ಉಗುರಿನಿಂದ ಚಿವುಟಿದ ಸೋರೆ ಬೀಜಗಳನ್ನು ಅದರಲ್ಲಿಟ್ಟು ಮಡಚಿ, ಮೇಲೆ ಒಂದು ಹರಳೆಲೆ ಸುತ್ತಿ, ನೆರಿಗೆಯ ಒಳಗೆ ಚರ್ಮಕ್ಕೆ ತಾಗುವ ಹಾಗೆ ಬಿಗಿದುಕೊಳ್ಳುವುದು. ಬೇರೆ ಹೆಂಗಸರು ಗಂಟನ್ನು ತಿಪ್ಪೆಯಲ್ಲಿ ಹೂಳುತ್ತಿದ್ದರು, ಇಲ್ಲವೇ ಒಲೆಯ ಪಕ್ಕ ಇಟ್ಟು ಮರೆತು ಹುರಿದು ಹಾಕುತ್ತಿದ್ದರು. ತಿಪ್ಪೆಗೂ ಒಲೆಗೂ ಎಷ್ಟು ಬಿಸಿ ಸಾಕೆಂದು ಗೊತ್ತಾಗುವುದಿಲ್ಲ, ಮೈಗೆ ಗೊತ್ತಾಗುತ್ತದೆ. ಮೂರು ದಿನ ಅವಳು ಬಗ್ಗಿ ಕಸ ಗುಡಿಸಿರಲಿಲ್ಲ, ಬೋರಲು ಮಲಗಿರಲಿಲ್ಲ, ಕೊಡವನ್ನು ಸೊಂಟದ ಮೇಲಿಡದೆ ತಲೆಯ ಮೇಲೆ ಹೊತ್ತಿದ್ದಳು.

ಹನ್ನೊಂದು ಬೀಜಗಳಲ್ಲಿ ಒಂಬತ್ತು ಬಾಯಿ ಬಿಟ್ಟಿದ್ದವು. ಬಿಳಿಯ ಮೊಳಕೆಯ ತುದಿಗಳು ಒದ್ದೆ ಬಟ್ಟೆಯ ನೂಲಿಗೆ ಅಂಟಿಕೊಂಡಿದ್ದವು. ಅವನ್ನು ಬಿಡಿಸುವಾಗ ಅವಳು ಉಸಿರು ಹಿಡಿದಿದ್ದಳು. ಗಂಡ ಜೋಗಪ್ಪ ಹೊಲಕ್ಕೆ ಹೊರಟವನು ಬಾಗಿಲಲ್ಲಿ ನಿಂತು, "ಬಂದವೇನೇ?" ಎಂದ.

"ಒಂಬತ್ತು ಬಂದವೆ."

"ಉಳಿದೆಲ್ಡು?"

"ಇನ್ನೊಂದ್ ದಿನ ಕಟ್ಕಂತೀನಿ. ಸುಮ್ಕೆ ಯಾಕೆ ಬಿಸಾಕ್ಲಿ?"

ಜೋಗಪ್ಪ ನಕ್ಕು, "ಆಗ್ಲಿ ಬಿಡು, ಈ ವರ್ಷನೂ ಒಂಬತ್ತು ಮಕ್ಳು," ಎಂದು ಹೇಳಿ, ಹೇಳಿದ ಮೇಲೆ ಏನು ಹೇಳಿದೆನೆಂದು ಹೊಳೆದು, ಹೆಗಲ ಮೇಲಿನ ಕಂಬಳಿಯನ್ನು ಅಗತ್ಯವಿಲ್ಲದಿದ್ದರೂ ಸರಿಮಾಡಿಕೊಂಡು ಹೋದ. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ಇನ್ನೊಬ್ಬಳನ್ನು ತರುತ್ತೇನೆಂದು ಒಂದು ದಿನವೂ ಅನ್ನದ ಗಂಡಸು ಅವನು, ಅವನಿಗೆ ಇಷ್ಟು ಮಾತಿನ ಸಲಿಗೆ ಇದ್ದರೆ ಇರಲಿ. ಆದರೆ ಅದೇ ಮಾತನ್ನು ತಿಪ್ಪೇರುದ್ರಮ್ಮ ಬಾವಿಕಟ್ಟೆಯ ಮೇಲೆ, ಹತ್ತು ಜನ ಹೆಂಗಸರ ಮಧ್ಯೆ, ಬೇರೆ ಥರ ಅಂದಿದ್ದಳು. "ನಿಂಗಕ್ಕನ ಹೊಟ್ಟೆ ಸೋರೆ ಬೀಜ ಮೊಳ್ಸಾಕೆ ಮಾತ್ರ ಲಾಯಕ್ಕು ಕಣ್ರೇ." ಎಲ್ಲರೂ ನಕ್ಕಿದ್ದರು. ನಿಂಗಕ್ಕನೂ ನಕ್ಕಿದ್ದಳು, ಅದೇ ಇವತ್ತಿಗೂ ಉರಿಯುವುದು. ನಗದೆ ಕೊಡವನ್ನು ಎತ್ತಿಕೊಂಡು ಬಂದಿದ್ದರೆ ಅಷ್ಟು ಮಾನವಾದರೂ ಉಳಿಯುತ್ತಿತ್ತು. ಪಕ್ಕದ ಮನೆಯ ಸೂರಮ್ಮ ನಗುವುದನ್ನು ನಿಲ್ಲಿಸಿ ತನ್ನ ಮುಖ ನೋಡಿದಾಗಲೂ ತಾನು ಇನ್ನೂ ನಗುತ್ತಲೇ ಇದ್ದೆನಲ್ಲ ಎಂದು ನೆನಪಾಗಿ, ಅವಳು ಮೊಳಕೆಗಳ ಎದುರೇ ಹಲ್ಲು ಕಚ್ಚಿದಳು.

ಒಡೆದ ಗಡಿಗೆಗಳ ತಳಗಳನ್ನು ಅವಳು ವರ್ಷವಿಡೀ ಕೂಡಿಡುತ್ತಿದ್ದಳು. ಯಾರ ಮನೆಯಲ್ಲಿ ಗಡಿಗೆ ಒಡೆದರೂ ತಳ ನಿಂಗಕ್ಕನಿಗೆ. ಅವುಗಳಲ್ಲಿ ಕೆರೆಯ ಗೋಡು, ಪುಡಿ ಮಾಡಿದ ಕುರಿಹಿಕ್ಕೆ, ಒಂದು ಹಿಡಿ ಬೂದಿ ಬೆರೆಸಿ ತುಂಬಿ, ಒಂದೊಂದರಲ್ಲಿ ಒಂದೊಂದು ಮೊಳಕೆಯನ್ನು ಮೂತಿ ಕೆಳಗೆ ಮಾಡಿ ಕೂರಿಸಿದಳು. ನೀರೆಂದರೆ ಕೈ ತೊಳೆದದ್ದು, ಅಕ್ಕಿ ತೊಳೆದದ್ದು, ಅದೂ ಚೊಂಬಿನಿಂದಲ್ಲ, ಬೆರಳ ತುದಿಯಿಂದ ಬಿಟ್ಟ ಹನಿಗಳು. ಈ ಬೀಜವನ್ನು ಅವ್ವ ಮದುವೆಯ ದಿನ ಅವಳ ಮಡಿಲಿಗೆ ಹಾಕಿದ್ದಳು. ಕಾಯಿ ಉದ್ದ, ಬಣ್ಣ ಹಾಲಿನಂತೆ ಬಿಳಿ, ಬೆಂದರೆ ಬೆಣ್ಣೆ, ಊರಲ್ಲಿ ಹಾಲುಸೋರೆ ಎಂದೇ ಹೆಸರು. ಪ್ಲೇಗು ಬಂದು ಇಡೀ ಊರು ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ವರ್ಷ ಎಲ್ಲರೂ ಪಾತ್ರೆ, ಕಾಳು, ದೇವರನ್ನು ಹೊತ್ತುಕೊಂಡು ಹೋದರು. ನಿಂಗಕ್ಕ ಬೂದಿಯಲ್ಲಿಟ್ಟ ಬೀಜದ ಸೋರೆಬುರುಡೆಯನ್ನು ಮೊದಲು ಎತ್ತಿಕೊಂಡಿದ್ದಳು. ವಾಪಸು ಬಂದಾಗ ಇಲಿಗಳು ಊರಿನ ಬೀಜವನ್ನೆಲ್ಲ ಮುಗಿಸಿದ್ದವು. ಆ ವರ್ಷ ಪ್ರತಿ ಹಂದರದ ಬಳ್ಳಿಯೂ ಅವಳ ಹೊಟ್ಟೆಯ ಮೇಲಿನ ಗಂಟಿನಿಂದಲೇ ಹೊರಟದ್ದು. ತಿಪ್ಪೇರುದ್ರಮ್ಮನ ಹಂದರದ್ದೂ. ಸಸಿಯನ್ನು ಮಾರುವಂತಿಲ್ಲ, ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ, ಹೆಂಗಸರ ನಡುವೆ ನಡೆದುಬಂದದ್ದು ಅದು. ಹೋದ ವರ್ಷವೂ ಕೊಟ್ಟಳು. ಬಳ್ಳಿ ಹಂದರ ಹತ್ತಿ, ಹೀಚು ಬಿಟ್ಟ ಹೊತ್ತಿಗೆ ಆ ಮನೆಯ ಸೊಸೆ ಜಗದಾಂಬಳಿಗೆ ಐದು ತಿಂಗಳಲ್ಲಿ ಬಸಿರು ಇಳಿದುಹೋಯಿತು. ಮಾರನೆಯ ಬೆಳಿಗ್ಗೆ ನಿಂಗಕ್ಕ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಆ ಬಳ್ಳಿ ಬಿದ್ದಿತ್ತು, ಬೇರುಸಮೇತ, ಹೂವುಸಮೇತ, ಬೆರಳುದ್ದದ ಹೀಚುಗಳ ಸಮೇತ. ಬಂಜೆಯ ಕೈಯ ಬಳ್ಳಿ ಎಂದು ಬಾಯಿಬಿಟ್ಟು ಯಾರೂ ಅನ್ನಲಿಲ್ಲ. ಅವಳು ಬಳ್ಳಿಯನ್ನು ಒಳಗೆ ಎಳೆದುಕೊಂಡು, ಬೀದಿಯವರು ನೋಡುವ ಮೊದಲು ಹೊಸ್ತಿಲ ಮಣ್ಣು ಗುಡಿಸಿದಳು. ಕದ್ದವಳ ಹಾಗೆ.

ಆ ಜಗದಾಂಬಳೇ ಈಗ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತಿದ್ದಳು. ಇನ್ನೂ ಇಪ್ಪತ್ತು ತುಂಬದ ಹುಡುಗಿ, ತೆಳ್ಳಗೆ, ಮಾತಾಡುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುವವಳು.

"ನಿಂಗಕ್ಕ, ಅತ್ತೆ ಒಂದ್ ಸೋರೆ ಸಸಿ ಇಸ್ಕಂಡ್ ಬಾ ಅಂದ್ರು."

"ನಿಮ್ಮತ್ತೆ ಚಳ್ಳಕೆರೆ ಸಂತೆಯಿಂದ ಕಾಗದದ ಪೊಟ್ಟಣದಾಗೆ ಬೀಜ ತರ್ಸಿದ್ರಂತಲ್ಲ. ಸೀಮೆ ಬೀಜ."

"ಒಂದೂ ಮೊಳೀಲಿಲ್ಲ," ಎಂದು ಜಗದಾಂಬ ತಲೆ ತಗ್ಗಿಸಿದಳು. ಆಮೇಲೆ ದನಿಯನ್ನೂ ತಗ್ಗಿಸಿ, "ನಂಗೆ ಮತ್ತೆ ಎಲ್ಡು ತಿಂಗ್ಳು. ಅದ್ಕೇ ಅತ್ತೆ ಹರಕೆ ಹೊತ್ತವ್ರೆ. ಬಳ್ಳಿಯ ಮೊದಲ್ನೇ ಕಾಯಿ ಜಟಿಂಗ ರಾಮೇಶ್ವರನ ಹೆಸರಿಗೆ ಮೀಸಲು. ಅದ್ರ ಅಡಿಗೆ ಮಾಡಿ ಅಯ್ಯನೋರ್ನ ಕರ್ಸಿ ಉಣ್ಣಿಸೋದು. ಹಾಲುಸೋರೇನೇ ಆಗ್ಬೇಕಂತೆ," ಎಂದಳು.

"ಎಲೆ ಬಿಡ್ಲಿ. ಎಂಟತ್ ದಿನ ಆಗ್ಲಿ. ಕೊಡ್ತೀನಿ," ಎಂದಳು ನಿಂಗಕ್ಕ. ಇಲ್ಲ ಅನ್ನಲು ಬರುವುದಿಲ್ಲವಲ್ಲ ಎಂಬ ಸಂಕಟಕ್ಕೆ ಅವಳ ಕಿವಿ ಬಿಸಿಯಾಯಿತು. ಕಿತ್ತು ಬಿಸಾಕಿದವಳಿಗೆ ಬಂದು ಕೇಳುವಷ್ಟು ನಾಲಿಗೆ ಇಲ್ಲ, ಸೊಸೆಯನ್ನು ಕಳಿಸುತ್ತಾಳೆ. ಕೊಡುವುದಿಲ್ಲವೆಂದರೆ ನಾಳೆ ಬಾವಿಕಟ್ಟೆಯಲ್ಲಿ ಏನು ಅನ್ನುತ್ತಾಳೆಂದು ಗೊತ್ತು: ಬಸುರಿ ಬಂದು ಕೇಳಿದರೂ ಕೊಡಲಿಲ್ಲ, ಹೊಟ್ಟೆಕಿಚ್ಚು. ಕೊಟ್ಟರೆ ಅದೇ ಹಂದರದ ಕೆಳಗೆ ನಿಂತು, ನಮ್ಮ ಮನೆಯ ನೆಲದ ಗುಣ ನೋಡಿ ಎಂದು ಹೇಳಿಕೊಳ್ಳುತ್ತಾಳೆ. ಎರಡರಲ್ಲೂ ಗೆಲ್ಲುವುದು ಆ ಸೊಟ್ಟ ತುಟಿಯೇ.

ಎಂಟನೆಯ ದಿನಕ್ಕೆ ಗಡಿಗೆಯ ಓಡುಗಳ ಮೇಲೆ ಜೋಡಿ ಎಲೆಗಳು ದಪ್ಪಗೆ ಬಿಚ್ಚಿಕೊಂಡವು. ಹೋದ ವರ್ಷ ಕುರಿ ಕಾಯುವ ಜುಂಜಪ್ಪ ತನ್ನ ಹಟ್ಟಿಯ ಬೇಲಿಗೆ ಕಹಿಸೋರೆ ಹಬ್ಬಿಸಿದ್ದ. ತಿನ್ನುವುದಕ್ಕಲ್ಲ, ಒಣಗಿಸಿ ನೀರಿನ ಬುರುಡೆ ಮಾಡಿಕೊಳ್ಳುವುದಕ್ಕೆ. ಹತ್ತಿರದಲ್ಲಿ ಕಹಿಬಳ್ಳಿ ಹೂ ಬಿಟ್ಟರೆ ಸಿಹಿಬಳ್ಳಿಯ ಬೀಜವೂ ಕೆಡುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಬೀಜವೂ ಅದೇ, ಎಲೆಯೂ ಅದೇ, ಹೂವೂ ಕಾಯಿಯೂ ಅದೇ. ನಾಲಿಗೆಗೆ ಮಾತ್ರ ಗೊತ್ತಾಗುತ್ತದೆ. ಅಂಥ ವರ್ಷಗಳಲ್ಲಿ ಅವ್ವ ಪ್ರತಿ ಸಸಿಯ ಮೊದಲ ಎಲೆಯ ಅಂಚನ್ನು ಹಲ್ಲಿನಲ್ಲಿ ಇಷ್ಟೇ ಇಷ್ಟು ಕತ್ತರಿಸಿ ಚಪ್ಪರಿಸುತ್ತಿದ್ದಳು. ಕಹಿಯಾದದ್ದನ್ನು ಅಲ್ಲೇ ಕಿತ್ತು ಎಸೆಯುತ್ತಿದ್ದಳು. ನಿಂಗಕ್ಕ ಮಂಡಿಯೂರಿ ಕೂತು ಒಂದೊಂದಕ್ಕೇ ಬಾಗಿದಳು. ಮೊದಲನೆಯದು ಹಸಿರು ರುಚಿ. ಎರಡನೆಯದೂ ಹಾಗೇ. ಮೂರನೆಯದು ಕಹಿ. ಅದನ್ನು ಕಿತ್ತಳು. ಐದನೆಯದೂ ಕಹಿ, ಅದನ್ನೂ ಕಿತ್ತಳು. ಎಂಟನೆಯದನ್ನು ಚಪ್ಪರಿಸಿದಾಗ ಕಹಿ ನಾಲಿಗೆಯಿಂದ ಕಿವಿಯ ಬುಡದವರೆಗೆ ಹರಿದು ಮೈ ಜುಮ್ಮೆಂದಿತು. ಉಗುಳಿ, ಬಾಯಿ ಒರೆಸಿಕೊಂಡು, ಕೀಳಲು ಎರಡು ಬೆರಳುಗಳನ್ನು ಕಾಂಡಕ್ಕೆ ಹಚ್ಚಿದವಳು ಹಾಗೆಯೇ ತಡೆದಳು. ಎಲ್ಲಕ್ಕಿಂತ ದಪ್ಪ ಕಾಂಡ ಇದರದ್ದೇ. ಎಲೆ ಕಪ್ಪಗೆ, ಹೊಳಪಾಗಿ, ಮಗುವಿನ ಅಂಗೈಯಂತೆ ಬಿಚ್ಚಿಕೊಂಡಿದೆ. ನೋಡಿದವರು ಇದನ್ನೇ ಕೇಳುತ್ತಾರೆ.

ಮೀಸಲು ಕಾಯಿಯನ್ನು ಯಾರೂ ರುಚಿ ನೋಡುವಂತಿಲ್ಲ. ಅದಕ್ಕೆ ಮೊದಲು ಆ ಬಳ್ಳಿಯ ಬೇರೆ ಕಾಯಿಯನ್ನೂ ಮುಟ್ಟುವಂತಿಲ್ಲ. ಹೆಚ್ಚುವವಳು ಹೋಳನ್ನು ನಾಲಿಗೆಗೆ ತಾಗಿಸುವಂತಿಲ್ಲ, ಬೇಯಿಸುವವಳು ಉಪ್ಪಿಗೂ ಸವಿಯುವಂತಿಲ್ಲ. ಅಯ್ಯನವರು ಮೊದಲ ತುತ್ತು ನುಂಗಿದ ಮೇಲೆಯೇ ಉಳಿದವರ ಬಾಯಿ. ಇದೆಲ್ಲ ನಿಂಗಕ್ಕ ಒಂದೊಂದಾಗಿ ಯೋಚಿಸಿದ್ದಲ್ಲ, ಒಟ್ಟಿಗೇ ಕಂಡಿತು: ತಿಪ್ಪೇರುದ್ರಮ್ಮನ ಪಡಸಾಲೆ, ಮಣೆಯ ಮೇಲೆ ಅಯ್ಯನವರು, ಸುತ್ತ ಕೈಮುಗಿದು ನಿಂತ ನೆಂಟರು, ತುತ್ತು ಬಾಯಿಗೆ ಹೋಗುತ್ತದೆ, ಅಯ್ಯನವರ ಮುಖ ಕಿವುಚಿಕೊಳ್ಳುತ್ತದೆ. ಆಮೇಲೆ ಆ ಅಗಲವಾದ ಹಣೆ, ಅದರ ಮೇಲೆ ಬೆವರು, ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿಯುವುದು. ಅಯ್ಯನವರಿಗೆ ವಿಷ ಬಡಿಸಿದ ಮನೆ. ಸಾಯುವವರೆಗೂ ಬಾವಿಕಟ್ಟೆಯಲ್ಲಿ ಜನ ಹೇಳಿಕೊಂಡು ನಗುತ್ತಾರೆ, ಆಗ ತಿಪ್ಪೇರುದ್ರಮ್ಮನೂ ನಗಬೇಕಾಗುತ್ತದೆ. ನಿಂಗಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ ಅವಳು ಕೂತಲ್ಲೇ ಎರಡೂ ಕೈಯಿಂದ ತೊಡೆ ಒತ್ತಿಕೊಂಡಳು. ಸಿಹಿಯಾದ ಸಸಿಗಳನ್ನು ಅದೇ ದಿನ ಸೂರಮ್ಮನಿಂದ ಹಿಡಿದು ಬೀದಿಯವರಿಗೆಲ್ಲ ಹಂಚಿ, ಒಂದನ್ನೂ ತನಗೆಂದು ಉಳಿಸಿಕೊಳ್ಳಲಿಲ್ಲ. ಮನೆಯಲ್ಲಿ ಇನ್ನೊಂದು ಇದ್ದರೆ ತನ್ನ ಮನಸ್ಸು ಮೆತ್ತಗಾದೀತೆಂಬ ಭಯ ಅವಳಿಗೆ ಇತ್ತು.

ಆಮೇಲಿನ ದಿನಗಳಲ್ಲಿ ಆ ಒಂದು ಸಸಿಗೆ ಅವಳು ಮಾಡಿದ ಆರೈಕೆಯನ್ನು ಈ ಇಪ್ಪತ್ತು ವರ್ಷದಲ್ಲಿ ಯಾವ ಬೀಜಕ್ಕೂ ಮಾಡಿರಲಿಲ್ಲ. ಬೆಳಗಿನ ಬಿಸಿಲಿಗೆ ಎತ್ತಿಡುವುದು, ಬಿಸಿಲೇರಿದರೆ ಕಂಬಳಿಯ ಚೂರಿನ ನೆರಳು, ಸಂಜೆಗೆ ಕೋಳಿಗಳಿಂದ ದೂರ ಒಳಗೆ. ತಾನು ಕುಡಿಯುವ ಚೊಂಬಿನಲ್ಲಿ ಕೊನೆಯ ಗುಟುಕನ್ನು ಉಳಿಸಿ ತಂದು ಬುಡಕ್ಕೆ ಬಿಡುತ್ತಿದ್ದಳು. ಜೋಗಪ್ಪ ಒಮ್ಮೆ, "ಇದ್ಯಾಕೇ ಇದೊಂದ್ಕೇ ಇಷ್ಟು?" ಎಂದಾಗ, "ದೊಡ್ಡ ಮನೆಗೆ ಹೋಗೋ ಸಸಿ," ಎಂದಳು. ಅವನಿಗೆ ಅರ್ಥವಾಗಲಿಲ್ಲ, ಆದರೆ ಹೆಂಡತಿಯ ಮುಖದಲ್ಲಿ ವರ್ಷದಿಂದ ಕಾಣದಿದ್ದ ಕಳೆ ಕಂಡು, ಆ ಮನೆಯ ಮೇಲಿನ ಮುನಿಸು ಕಳೆಯಿತೆಂದುಕೊಂಡು ಅವನೂ ಖುಷಿಪಟ್ಟ. ಪಾಪ, ಅವನು ಯಾವಾಗಲೂ ಹೀಗೆಯೇ, ಖುಷಿಪಡಲು ಒಂದು ನೆವ ಸಿಕ್ಕರೆ ಸಾಕು.

ಮೃಗಶಿರ ಮಳೆಯ ಮೊದಲ ಹನಿ ಬಿದ್ದ ಮರುದಿನ ಕರೆ ಬಂತು. ಸಸಿ ಕೊಟ್ಟು ಬಂದುಬಿಡುವುದೆಂದುಕೊಂಡು ಹೋದವಳಿಗೆ ದೊಡ್ಡ ಮನೆಯ ಹಿತ್ತಲಲ್ಲಿ ಬೀದಿಯ ಹೆಂಗಸರೆಲ್ಲ ಕೂತಿರುವುದು ಕಂಡಿತು. ಗುಣಿ ತೋಡಿ, ಸುತ್ತ ಸಾರಿಸಿ ರಂಗೋಲಿ ಹಾಕಿತ್ತು. ತಿಪ್ಪೇರುದ್ರಮ್ಮ ಎದುರಿಗೆ ಬಂದು ಅವಳ ಕೈ ಹಿಡಿದಳು. "ಬಾರೆ ನಿಂಗಕ್ಕ. ಅಯ್ಯನೋರು ಹೇಳವ್ರೆ, ಯಾರು ಕೊಟ್ಟ ಬಳ್ಳೀನ ನೀವು ಕಿತ್ತಿದ್ರೋ ಅವರ ಕೈಯಾಗೇ ನೆಡಿಸ್ರಿ ಅಂತ. ಹೋದ್ ಸಲ ಏನೋ ಹೊಟ್ಟೆ ಸಂಕಟಕ್ಕೆ ಹಂಗಾತು. ಮನಸ್ನಾಗ್ ಇಟ್ಕಬ್ಯಾಡ." ಇಷ್ಟು ಹೇಳಿ, ಎಲ್ಲರ ಎದುರಿಗೆ ಅವಳ ಹಣೆಗೆ ಕುಂಕುಮವಿಟ್ಟು, ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಕುಪ್ಪಸದ ಕಣ ಹಾಕಿದಳು. ನಿಂಗಕ್ಕನ ಮಡಿಲಿಗೆ ಮದುವೆಯಾದ ಮೇಲೆ ಯಾರೂ ಏನೂ ಹಾಕಿರಲಿಲ್ಲ. ಕಣ್ಣಿಗೆ ನೀರು ಬಂತು. ಬಂದದ್ದಕ್ಕೆ ಅವಳಿಗೆ ತನ್ನ ಕಣ್ಣಿನ ಮೇಲೇ ಸಿಟ್ಟು ಬಂತು. ಇಷ್ಟಕ್ಕೇ ಸೋತುಹೋಯಿತೇ, ಒಂದು ಸೇರು ಅಕ್ಕಿಗೆ? ಆದರೂ ಕೈಯಲ್ಲಿದ್ದ ಓಡು ಭಾರವಾಗತೊಡಗಿತು. ಈ ಸಸಿ ಬೇಡ, ಸೂರಮ್ಮನ ಮನೆಯಿಂದ ಬೇರೆ ತರುತ್ತೇನೆ ಎಂಬ ಮಾತು ಗಂಟಲವರೆಗೆ ಬಂತು. ಆಗ, ಸಸಿ ನೋಡಲು ಮುಂದೆ ಬಂದ ಜಗದಾಂಬಳ ತೋಳನ್ನು ತಿಪ್ಪೇರುದ್ರಮ್ಮ ಹಿಡಿದು ಹಿಂದಕ್ಕೆ ಎಳೆದಳು. "ನೀ ಇತ್ಲಾಗ್ ಬಾ. ಅವಳ ನೆರಳ್ನಾಗೆ ನಿಂತ್ಕಬ್ಯಾಡ," ಎಂದು ಸಣ್ಣ ದನಿಯಲ್ಲಿ ಅಂದದ್ದು ನಿಂಗಕ್ಕನಿಗೆ ಕೇಳಿಸಿತು. ಕೇಳಿಸಲೆಂದು ಅಂದದ್ದಲ್ಲ, ಅದೇ ಹೆಚ್ಚು ನೋವಾಯಿತು. ಅವಳು ಮಂಡಿಯೂರಿ, ಓಡನ್ನು ಮೆಲ್ಲಗೆ ಒಡೆದು, ಬೇರು ಅಲುಗದ ಹಾಗೆ ಮಣ್ಣಿನ ಮುದ್ದೆಯನ್ನು ಗುಣಿಗೆ ಇಳಿಸಿ, ಸುತ್ತ ಮಣ್ಣನ್ನು ಅಂಗೈಯಿಂದ ಒತ್ತಿದಳು. ಚೆನ್ನಾಗಿ ಒತ್ತಿದಳು.

ಬಳ್ಳಿ ಬಂದ ಪರಿ ಬೇರೆ. ಆಷಾಢದ ಗಾಳಿಗೆ ಸೂರಮ್ಮನ ಬಳ್ಳಿ ಮುರಿಯಿತು, ಇನ್ನೊಬ್ಬರದಕ್ಕೆ ಹೇನು ಹತ್ತಿತು, ದೊಡ್ಡ ಮನೆಯದು ಮಾತ್ರ ಹಂದರ ಮುಚ್ಚಿ ಮಾಳಿಗೆಗೆ ಕೈ ಚಾಚಿತು. "ನಿಂಗಕ್ಕನ ಕೈ ಅಂದ್ರೆ ಕೈ," ಎಂದರು ಜನ. ಅವರೆಕಾಳು ಊರುವುದಕ್ಕೆ, ಮೆಣಸಿನ ಸಸಿಯ ಒಟ್ಟಲಿಗೆ, ದೂರದ ಕೇರಿಯ ಮದುವೆಮನೆಯ ಮೊಳಕೆಪಾಲಿಕೆಗೂ ಅವಳನ್ನು ಕರೆದರು. ಬಾವಿಕಟ್ಟೆಯಲ್ಲಿ ಜಾಗ ಬಿಟ್ಟರು. ಅವಳು ಹೋದಳು, ಊರಿದಳು, ಕೊಟ್ಟ ವೀಳ್ಯ ತಂದಳು. ಬರುತ್ತ ದೊಡ್ಡ ಮನೆಯ ಗೋಡೆಯ ಮೇಲಿಂದ ಕಾಣುವ ಬಿಳಿ ಹೂಗಳನ್ನು ಎಣಿಸಿದಳು. ಇನ್ನೆಷ್ಟು ದಿನ ಎಂದು ಲೆಕ್ಕ ಹಾಕುವಾಗ ಅದು ತಿಪ್ಪೇರುದ್ರಮ್ಮನ ದಿನಗಳೋ ತನ್ನವೋ ಎಂಬುದು ಅವಳಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ.

ಜಗದಾಂಬ ಸಂಜೆ ಹೊತ್ತು ಮಜ್ಜಿಗೆ ಹಿಡಿದು ಬರುವುದನ್ನು ರೂಢಿ ಮಾಡಿಕೊಂಡಳು. ಅತ್ತೆಗೆ ಗೊತ್ತಾಗದ ಹಾಗೆ ಬಂದು, ನಿಂಗಕ್ಕನ ಪಕ್ಕದಲ್ಲೇ ಕೂರುತ್ತಿದ್ದಳು, ನೆರಳಿಗೆ ಹೆದರದೆ. ಒಂದು ದಿನ ಅವಳು ಹೇಳಿದಳು: "ಮೊದಲ್ನೇ ಕಾಯಿ ಕಚ್ಚೈತೆ ನಿಂಗಕ್ಕ. ಅತ್ತೆ ಅರಿಶಿಣದ ದಾರ ಕಟ್ಟವ್ರೆ. ಅಯ್ಯನೋರು ಉಂಡ ಮೇಲೆ ಉಳಿದದ್ದೆಲ್ಲ ನಂಗೇ ಅಂತೆ. ಎಲೆ ಮ್ಯಾಲೆ ಒಂದ್ ಹೋಳೂ ಬಿಡಂಗಿಲ್ಲ."

"ರುಚಿ ಇಲ್ದಿದ್ರೆ?" ಎಂದಳು ನಿಂಗಕ್ಕ.

"ಪ್ರಸಾದ ಅಲ್ವಾ? ಹೆಂಗಿದ್ರೂ ಉಣ್ತೀನಿ. ಈ ಕೂಸೊಂದ್ ಉಳೀಲಿ," ಎಂದು ಜಗದಾಂಬ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು.

ಮಾರನೆಯ ದಿನ ಹಟ್ಟಿಯ ಮುಂದೆ ಹಾಯುವಾಗ ನಿಂಗಕ್ಕ ಜುಂಜಪ್ಪನನ್ನು ನಿಲ್ಲಿಸಿ, ಈ ವರ್ಷ ಯಾಕೆ ಬೇಲಿಗೆ ಕಹಿಸೋರೆ ಹಾಕಲಿಲ್ಲವೆಂದು, ಏನೂ ಅಲ್ಲವೆಂಬಂತೆ ಕೇಳಿದಳು. "ಬ್ಯಾಡ ಬಿಡವ್ವ," ಎಂದ ಅವನು. "ಹೋದ್ ವರ್ಷ ಬಿದ್ದ ಕಾಯಿ ತಿಂದು ಗಬ್ಬದ ಕುರಿ ಎಲ್ಡು ದಿನ ತುಂಬೋಕ್ ಮೊದ್ಲೇ ಕಂದಾಕಿದ್ವು. ರಕ್ತ ಕಕ್ಕಿ ಒಂದು ಸತ್ತೇ ಹೋತು. ಬುರುಡೆ ಆಸೆಗೆ ಕುರಿ ಕಳ್ಕಂಡೆ." ಅವನು ಕುರಿ ಹೊಡೆದುಕೊಂಡು ಹೋದ. ನಿಂಗಕ್ಕ ಅಲ್ಲೇ ಕಲ್ಲಿನ ಮೇಲೆ ಕೂತಳು. ಆ ಕಡೆ ಬ್ರಹ್ಮಗಿರಿಯ ಮೇಲೆ ಮೋಡ ಮುಚ್ಚಿತ್ತು. ಅವಳಿಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು, ತಿಪ್ಪೇರುದ್ರಮ್ಮನ ಮೇಲೇ. ತನ್ನ ಕಾಯಿ ನೆಟ್ಟಗೆ ಹೋಗಿ ಅವಳಿಗೆ ತಾಗಬೇಕಾದದ್ದು, ಆ ಹೆಂಗಸು ಅಲ್ಲೂ ಸೊಸೆಯನ್ನು ಮುಂದೆ ಮಾಡಿ ತಾನು ಹಿಂದೆ ನಿಂತಳಲ್ಲ!

ಹೇಳಿಬಿಡಬಹುದು. ಕಹಿ ಎಂದು ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಸಸಿಯಲ್ಲೇ ಗೊತ್ತಿತ್ತೆಂದರೆ, ಗೊತ್ತಿದ್ದೂ ನೆಟ್ಟೆಯಾ ಎನ್ನುತ್ತಾರೆ. ಬಂಜೆಯ ಕೈ ಎಂದು ಒಬ್ಬಳು ಅಂದುಕೊಂಡದ್ದನ್ನು ಇಡೀ ಊರು ಬಾಯಿಬಿಟ್ಟು ಅನ್ನುತ್ತದೆ. ಮತ್ತೆ ಯಾವ ಮನೆಯೂ ಅವಳ ಬೀಜ ಮುಟ್ಟುವುದಿಲ್ಲ, ಅವ್ವನ ಹಾಲುಸೋರೆಗೂ ವಿಷದ ಹೆಸರು ಹತ್ತುತ್ತದೆ. ಬುಡಕ್ಕೆ ಕುದಿಯುವ ಗಂಜಿ ಸುರಿದು ಬಳ್ಳಿಯನ್ನು ಸಾಯಿಸಬಹುದು. ಆಗ ಮೀಸಲು ಬಳ್ಳಿ ಒಣಗಿದ್ದು ಯಾರ ಕೈಗುಣಕ್ಕೆ? ಬದುಕಿದರೂ ಅವಳ ಕೈ, ಸತ್ತರೂ ಅವಳ ಕೈ. ಒಂದು ಕಾಯಿಯನ್ನು ಹೇಗೋ ತಪ್ಪಿಸಿದರೆ ದಾರವನ್ನು ಬಿಚ್ಚಿ ಮುಂದಿನ ಕಾಯಿಗೆ ಕಟ್ಟುತ್ತಾರೆ. ಇಡೀ ಬಳ್ಳಿ ಹೋಗಬೇಕು, ಆದರೆ ಕಹಿಯ ಸುದ್ದಿ ಹೊರಬರಬಾರದು. ಅವಳು ದಿನಗಟ್ಟಲೆ ಇದನ್ನೇ ತಿರುವಿ ಹಾಕಿದಳು, ಊಟ ಬಿಟ್ಟಳು. ಜೋಗಪ್ಪ ಜ್ವರವೆಂದು ಕಷಾಯ ಕಾಸಿದ. ಕಷಾಯ ಕುಡಿಯುತ್ತ ಅವಳು ಗಂಡನ ಮುಖ ನೋಡಿ, ಇವನಿಗೆ ಹೇಳಲೇ ಎಂದುಕೊಂಡಳು. ಹೇಳಿದರೆ ಅವನಿಗೆ ಇನ್ನು ಖುಷಿಪಡಲು ಏನೂ ಉಳಿಯುವುದಿಲ್ಲವೆನಿಸಿ, ಬಟ್ಟಲನ್ನು ಖಾಲಿ ಮಾಡಿ ಅವನ ಕೈಗೆ ಕೊಟ್ಟಳು.

ಶ್ರಾವಣದ ಎರಡನೆಯ ಸೋಮವಾರ ದೊಡ್ಡ ಮನೆಯಿಂದ ಎರಡು ಸಲ ಕರೆ ಬಂತು. ನೆಟ್ಟ ಕೈಯೇ ಕೊಯ್ಯಬೇಕು. ನಿಂಗಕ್ಕ ಸ್ನಾನ ಮಾಡಿ ಹೋದಳು. ಪಡಸಾಲೆಯಲ್ಲಿ ಅಯ್ಯನವರು ಬಂದು ಕೂತಿದ್ದರು, ಒಳಗೆ ಒಲೆಯ ಮೇಲೆ ನೀರು ಮರಳುತ್ತಿತ್ತು. ಹಂದರದ ಕೆಳಗೆ ಹೆಂಗಸರು ನಿಂತಿದ್ದರು, ಅವರ ನಡುವೆ ಹಸಿರು ಸೀರೆಯುಟ್ಟ ಜಗದಾಂಬ, ಈಗ ಹೊಟ್ಟೆ ಎದ್ದು ಕಾಣುತ್ತಿತ್ತು. ಕಾಯಿ ಮೊಳದುದ್ದ ಇಳಿಬಿದ್ದಿತ್ತು, ಬಿಳಿಯ ರೋಮ ಇನ್ನೂ ಉದುರದ ಎಳೆಯ ಕಾಯಿ. ತಿಪ್ಪೇರುದ್ರಮ್ಮ ಕುಡುಗೋಲನ್ನು ಕೊಟ್ಟು, "ನೆಲಕ್ಕೆ ತಾಗ್ಸಬ್ಯಾಡ ಕಣೆ, ಜ್ವಾಕೆ," ಎಂದಳು. ನಿಂಗಕ್ಕ ತೊಟ್ಟನ್ನು ಕೊಯ್ದು ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ಕೂಸಿನಷ್ಟೇ ಭಾರವಿತ್ತು, ಕೂಸಿನ ಹಾಗೇ ಬಿಸಿಲಿಗೆ ಬೆಚ್ಚಗಿತ್ತು. ತಿಪ್ಪೇರುದ್ರಮ್ಮ ಬೆಳ್ಳಿಯ ತಟ್ಟೆಯನ್ನು ಮುಂದೆ ಹಿಡಿದಳು. ಎಂಜಲಾದ ಮೀಸಲನ್ನು ದೇವರೂ ಮುಟ್ಟುವುದಿಲ್ಲ, ಮೀಸಲು ಕೆಟ್ಟ ಬಳ್ಳಿಯನ್ನು ಯಾರೂ ಮನೆಯ ಮುಂದೆ ಉಳಿಸಿಕೊಳ್ಳುವುದಿಲ್ಲ. ಅಷ್ಟು ದಿನ ತಿರುವಿ ಹಾಕಿದ್ದರೂ ಇದು ಅವಳಿಗೆ ಹೊಳೆದದ್ದು ಆ ತಟ್ಟೆಯನ್ನು ಕಂಡಾಗಲೇ. ಅವಳು ಕಾಯಿಯನ್ನು ಎತ್ತಿ, ಬಾಯಿ ದೊಡ್ಡದಾಗಿ ತೆರೆದು, ಕಚ್ಚಿದಳು.

ಬೆಳ್ಳಿಯ ತಟ್ಟೆ ಕೆಳಗೆ ಬಿತ್ತು. "ಅಯ್ಯಯ್ಯೋ! ದೇವರ ಕಾಯಿಗೆ ಬಾಯಿ ಹಾಕಿದ್ಯಲ್ಲೇ!" ಎಂದು ತಿಪ್ಪೇರುದ್ರಮ್ಮ ಕಿರುಚಿದಳು. "ಬಂಜೆ! ಹೊಟ್ಟೆಕಿಚ್ಚಿನ ರಂಡೆ! ನನ್ ಸೊಸೆ ಪ್ರಸಾದ ತಿನ್ನೋದು ನೋಡಾಕಾಗ್ಲಿಲ್ವೇನೇ ನಿಂಗೆ? ಕಿತ್ತಾಕ್ರೇ ಆ ಬಳ್ಳೀನ, ಒಂದ್ ಎಲೆನೂ ಉಳೀಬಾರ್ದು! ಸುಟ್ಟಾಕ್ರಿ!" ಆಳುಗಳು ಓಡಿಬಂದರು, ಹಂದರ ಅಲುಗಾಡತೊಡಗಿತು. ಸೂರಮ್ಮ ಎರಡೂ ಕೈ ಬಾಯಿಗೆ ಇಟ್ಟುಕೊಂಡು, "ಏಂ ಪನಿ ಚೇಸಾವೇ ತಲ್ಲಿ," ಎಂಥ ಕೆಲಸ ಮಾಡಿದೆಯೇ ತಾಯಿ ಎಂದು ತನ್ನ ತೆಲುಗಿಗೆ ಜಾರಿದಳು. ಜಗದಾಂಬ ಹೊಟ್ಟೆಯನ್ನು ಹಿಡಿದುಕೊಂಡು ಹಿಂ‍ದೆ ಸರಿದಳು, ಈ ಸಲ ಯಾರೂ ಎಳೆಯದೆ, ತಾನಾಗಿ. ಅವಳ ಕಣ್ಣಿನಲ್ಲಿ ಇದ್ದದ್ದು ಬರೀ ಹೆದರಿಕೆ. ಅದನ್ನು ನೋಡಲಾರದೆ ನಿಂಗಕ್ಕ ತಿಪ್ಪೇರುದ್ರಮ್ಮನ ಕಡೆ ತಿರುಗಿದಳು.

ಬಾಯೊಳಗಿನ ಕಹಿ ಗಂಟಲಿಗೆ ಇಳಿಯಲು ಒಪ್ಪದೆ ತಿರುಗಿ ತಿರುಗಿ ಬರುತ್ತಿತ್ತು. ಎದುರಿಗೆ ಆ ಅಗಲವಾದ ಹಣೆಯ ಮೇಲೆ ಬೆವರೊಡೆದು ವಿಭೂತಿ ಕರಗುತ್ತಿತ್ತು. ತುಟಿ ಸೊಟ್ಟಗಾಗದೆ, ನೆಟ್ಟಗೆ, ಅಳುವ ಮಗುವಿನ ತುಟಿಯಂತೆ ನಡುಗುತ್ತಿತ್ತು. ವರ್ಷದಿಂದ ಅವಳು ಕಾದದ್ದು ಇದೇ ಮುಖಕ್ಕೆ. ಅಯ್ಯನವರೂ ಗದ್ದಲ ಕೇಳಿ ಪಡಸಾಲೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಎಲ್ಲರೂ ನೋಡುತ್ತಿದ್ದರು. ನಿಂಗಕ್ಕ ಕಣ್ಣು ಮುಚ್ಚದೆ ನುಂಗಿದಳು.

"ಹಾಲಿದ್ದಂಗೈತೆ ಕಣ್ರೀ," ಎಂದಳು, ಮತ್ತೆ ಕಚ್ಚಿದಳು.